ಮೊದಲು ಫೋಟೋದ ಬೆನ್ನು ನೋಡುತ್ತೇನೆ

ಅಮೆರಿಕದ ಅಯೋವಾ ರಾಜ್ಯದ ಒಂದು ಪುಟ್ಟ ಊರಿನ ಮ್ಯೂಸಿಯಂನಲ್ಲಿ ಪ್ರತಿ ಶನಿವಾರ ಹಳೇ ಫೋಟೋ ಸ್ಕ್ಯಾನ್ ಮಾಡುತ್ತೇನೆ. ಮೊದಲ ದಿನ ಕೈಗೆ ಬಂದದ್ದು ಒಂದು ಶೂ ಡಬ್ಬ. ಅದರ ತುಂಬ ಪೋಸ್ಟ್‌ಕಾರ್ಡ್ ಅಳತೆಯ ಫೋಟೋಗಳು. ಒಂದರ ಮೇಲೂ ಇಸವಿ ಇಲ್ಲ.

ಇವು ಪ್ರೆಸ್ಸಿನಲ್ಲಿ ಅಚ್ಚಾದ ಕಾರ್ಡುಗಳಲ್ಲ, ನಿಜವಾದ ಫೋಟೋಗಳು. ಕೊಡಕ್ ಕಂಪನಿ 1903ರಲ್ಲಿ ಪೋಸ್ಟ್‌ಕಾರ್ಡ್ ಅಳತೆಯ ನೆಗೆಟಿವ್ ಕೊಡುವ ಮಡಚುವ ಕ್ಯಾಮೆರಾ ತಂದಿತ್ತು. ಆಮೇಲೆ ಸಣ್ಣ ಊರಿನವರೂ ತಮ್ಮ ಅಂಗಡಿ, ಕುದುರೆ, ಮನೆಯಂಗಳದ ಫೋಟೋ ತೆಗೆಸಿ ನೆಂಟರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು.

ಅಂಚೆ ಮುದ್ರೆ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಕಾರ್ಡಿನ ಬೆನ್ನೇ ಗತಿ. ಅಮೆರಿಕದಲ್ಲಿ 1907ರ ಮಾರ್ಚ್‌ವರೆಗೆ ವಿಳಾಸದ ಬದಿಯಲ್ಲಿ ಸಂದೇಶ ಬರೆಯುವ ಹಾಗಿರಲಿಲ್ಲ. ವಿಳಾಸಕ್ಕೂ ಸಂದೇಶಕ್ಕೂ ನಡುವೆ ಗೆರೆ ಇದ್ದರೆ ಅದು ಆಮೇಲಿನ ಕಾರ್ಡು. ಸ್ಟಾಂಪ್ ಅಂಟಿಸುವ ಚೌಕದಲ್ಲಿ 'ಅಜೋ' (AZO, ಫೋಟೋ ಕಾಗದದ ಒಂದು ಬ್ರಾಂಡ್) ಅಂತಿದ್ದು, ನಾಲ್ಕು ಮೂಲೆಯ ತ್ರಿಕೋನಗಳೂ ಮೇಲ್ಮುಖವಾಗಿದ್ದರೆ ಸುಮಾರು 1904ರಿಂದ 1918ರ ಕಾಗದ. ಎರಡು ಮೇಲೆ, ಎರಡು ಕೆಳಗೆ ನೋಡುತ್ತಿದ್ದರೆ 1918ರ ನಂತರದ್ದು. ಇದು ಕಾಗದದ ವಯಸ್ಸು ಅಷ್ಟೇ. ಹಳೇ ಕಾಗದವನ್ನು ಆಮೇಲೆ ಬಳಸಿರಬಹುದು ಅಲ್ವಾ? ಅದಕ್ಕೇ ಬೆನ್ನನ್ನೂ ತಪ್ಪದೆ ಸ್ಕ್ಯಾನ್ ಮಾಡುತ್ತೇನೆ, 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ).

ಪೇಟೆ ಬೀದಿಯ ಫೋಟೋ ಆದರೆ ಸ್ಯಾನ್‌ಬಾರ್ನ್ ನಕ್ಷೆ ತೆಗೆಯುತ್ತೇನೆ. ಬೆಂಕಿ ವಿಮೆಗಾಗಿ ಮಾಡಿದ್ದು. ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ ಬಣ್ಣ, ಮರದ್ದಕ್ಕೆ ಹಳದಿ. ಫೋಟೋದಲ್ಲಿ ಮರದ ಅಂಗಡಿ ಇದ್ದು ನಕ್ಷೆಯಲ್ಲಿ ಅದೇ ಜಾಗ ಗುಲಾಬಿಯಾಗಿದ್ದರೆ, ಫೋಟೋ ನಕ್ಷೆಗಿಂತ ಹಳೆಯದು.

ನನಗೆ ಜಾಸ್ತಿ ಇಷ್ಟವಾದದ್ದು ಒಕ್ಕಣೆಯ ಫೋಟೋ. ಉಗಿ ಎಂಜಿನ್, ಹುಲ್ಲಿನ ರಾಶಿ, ಸಾಲಾಗಿ ನಿಂತ ಹದಿನಾಲ್ಕು ಜನ. ಅಕ್ಕಪಕ್ಕದ ರೈತರು ಸೇರಿ ಇವತ್ತು ಇವರ ಹೊಲ, ನಾಳೆ ಅವರದ್ದು ಅಂತ ಒಕ್ಕುತ್ತಿದ್ದರು. ನಮ್ಮ ಕಡೆಯ ಮುಯ್ಯಾಳು ಪದ್ಧತಿಯೇ! ಅಷ್ಟೂ ಜನಕ್ಕೆ ಅಡುಗೆ ಮಾಡುತ್ತಿದ್ದವರು ಮನೆಯ ಹೆಂಗಸರು. ಫೋಟೋದ ಅಂಚಿನಲ್ಲಿ, ಅರ್ಧ ಕತ್ತರಿಸಿ ಹೋದ ಹಾಗೆ, ಕೈಯಲ್ಲಿ ಹೂಜಿ ಹಿಡಿದ ಒಬ್ಬಳೇ ಹೆಂಗಸು.

ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಊರಿನ ವೃದ್ಧಾಶ್ರಮಕ್ಕೆ ಒಯ್ದೆ. ಒಬ್ಬ ಅಜ್ಜಿ ಗಂಡಸರ ಕಡೆ ನೋಡಲೇ ಇಲ್ಲ. ಸೀದಾ ಅಂಚಿಗೆ ಬೆರಳಿಟ್ಟು, "ಇವಳು ನನ್ನ ಸೋದರತ್ತೆ" ಅಂದರು. ಆಮೇಲೆ ಎಂಜಿನ್ ಪಕ್ಕದ ಇಬ್ಬರ ಹೆಸರೂ ಹೇಳಿದರು. ಮೂರೂ ಹೆಸರನ್ನು ಕಾರ್ಡಿನ ಬೆನ್ನಿಗೆ ಮೆತ್ತನೆ ಪೆನ್ಸಿಲಿನಲ್ಲಿ ಬರೆದೆ. ಪೆನ್ನು ಬೇಡ, ಶಾಯಿ ಇಳಿಯುತ್ತದೆ.

ಇನ್ನೂ ಹನ್ನೊಂದು ಜನರ ಹೆಸರು ಸಿಗಬೇಕು. ಪ್ರಿಂಟನ್ನು ಈಗ ಲೈಬ್ರರಿಯ ಬಾಗಿಲ ಪಕ್ಕ ಅಂಟಿಸಿದ್ದೇನೆ, ಕೆಳಗೆ ದಾರ ಕಟ್ಟಿದ ಪೆನ್ಸಿಲ್ ಇದೆ.