ನಿಸರ್ಗಚಿತ್ರದಲ್ಲಿ ಗವಿಯನ್ನು ಬರೆಯುವ ಬಗೆ

ಕೋಲಾರದ ಅಂತರಗಂಗೆಗೆ ಚಿತ್ರ ಬರೆಯಲು ಹೋಗುವವರು ಹೆಚ್ಚಾಗಿ ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿಯ ಬಳಿಯೇ ಕುಳಿತುಬಿಡುತ್ತಾರೆ. ಗವಿಗಳು ಬೇಕಾದವರು ಇನ್ನೂ ಮೇಲಕ್ಕೆ ಹತ್ತಬೇಕು, ಹತ್ತುವಾಗಲೇ ಒಂದು ನಿರ್ಧಾರವನ್ನೂ ಮಾಡಬೇಕು: ಚಿತ್ರವನ್ನು ನೋಡುವವರು ಗವಿಯ ಹೊರಗೆ ನಿಂತಿರುತ್ತಾರೆಯೇ, ಒಳಗೆ ಕುಳಿತಿರುತ್ತಾರೆಯೇ?

ಹೊರಗಿನಿಂದ ಕಂಡ ಗವಿ ಭಯವನ್ನೂ ಕುತೂಹಲವನ್ನೂ ಒಟ್ಟಿಗೇ ಎಬ್ಬಿಸುತ್ತದೆ. ದೊಡ್ಡ ಗವಿಯೊಂದರ ಮುಂದೆ ಬಗ್ಗಿ ನಿಂತಾಗ ತನಗಾದದ್ದು ಇದೇ ಎಂದು ಲಿಯೊನಾರ್ಡೊ ಡ ವಿಂಚಿ ಟಿಪ್ಪಣಿ ಬರೆದಿಟ್ಟಿದ್ದಾನೆ. ಒಳಗೆ ಕುಳಿತರೆ ಅದೇ ಗವಿ ಆಸರೆಯಾಗುತ್ತದೆ. ನಮ್ಮ ಸೀಮೆಯ ನಂಬಿಕೆ ಈ ಎರಡನೆಯದರ ಕಡೆಗೇ ವಾಲಿದೆ: ಆವಣಿ ಬೆಟ್ಟ ಸೀತೆಗೆ ನೆಲೆ ಕೊಟ್ಟಿತೆನ್ನುತ್ತಾರೆ, ಕೈವಾರದ ತಾತಯ್ಯನವರು ಗವಿಯಲ್ಲಿ ತಪಸ್ಸಿಗೆ ಕುಳಿತರೆನ್ನುತ್ತಾರೆ, ಅಲ್ಲಮನ ಅಂಕಿತವೇ ‘ಗುಹೇಶ್ವರ’. ಗರ್ಭಗುಡಿಯ ಕತ್ತಲೆಯಲ್ಲಿ ನಿಂತು ಕಣ್ಣು ಪಳಗಿಸಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಂತರಗಂಗೆಯ ಗವಿಗಳು ಬೆಟ್ಟವನ್ನು ಕೊರೆದ ಸುರಂಗಗಳಲ್ಲ. ಬಿರುಕುಗುಂಟ ಒಡೆದು, ಮಳೆಬಿಸಿಲಿಗೆ ಸವೆದು ದುಂಡಾದ ಬಂಡೆಗಳು ಒಂದರ ಮೇಲೊಂದು ಒರಗಿದಾಗ ಉಳಿದ ಸಂದುಗಳವು. ಆದ್ದರಿಂದ ಗವಿಯನ್ನೇ ಬರೆಯಲು ತೊಡಗದೆ, ಬಂಡೆಗಳ ಭಾರವನ್ನೂ ಅವು ಒಂದನ್ನೊಂದು ತಾಗುವ ಜಾಗಗಳನ್ನೂ ಮೊದಲು ಗುರುತಿಸಿರಿ. ಗವಿ ತಾನಾಗಿ ಮೂಡುತ್ತದೆ. ಮೇಲಿನ ಸಂದುಗಳಿಂದ ಇಳಿಯುವ ಬೆಳಕಿಗೆ ಹಾಳೆಯ ಬಿಳುಪನ್ನೇ ಉಳಿಸಿಕೊಳ್ಳಿರಿ. 1483ರಲ್ಲಿ ಬರೆದುಕೊಡಲು ಒಪ್ಪಂದವಾದ, ಬಂಡೆಗಳ ನಡುವೆ ಯೇಸುವಿನ ತಾಯಿ ಮೇರಿಯನ್ನು ಕೂರಿಸಿದ ಲಿಯೊನಾರ್ಡೊನ ಚಿತ್ರದಲ್ಲೂ ಹಿಂಬದಿಯ ಕಂಡಿಗಳು ದೂರದ ಬೆಳಕಿಗೆ ತೆರೆದಿವೆ. ಅವುಗಳಿಂದಲೇ ಆ ಗವಿ ಉಸಿರಾಡುತ್ತದೆ.

ಕತ್ತಲೆಗೆ ಬಣ್ಣದ ಕೊಳವೆಯಿಂದ ಹಿಂಡಿದ ಕಪ್ಪನ್ನು ಹಾಗೆಯೇ ಬಳಿಯಬೇಡಿರಿ. ಅದು ಹಾಳೆಗೆ ತೂತು ಬಿದ್ದಂತೆ ಕಾಣುತ್ತದೆ, ಆಮೇಲೆ ಯಾವ ಅರ್ಥವೂ ಅದರೊಳಗೆ ನಿಲ್ಲುವುದಿಲ್ಲ. ಒಳಗೆ ಹತ್ತು ನಿಮಿಷ ಸುಮ್ಮನೆ ಕುಳಿತರೆ ಬಂಡೆಯ ಅಡಿಭಾಗ ಕಂದಾಗಿಯೂ ದೂರದ ಮೂಲೆ ನೀಲಿಯಾಗಿಯೂ ಕಾಣತೊಡಗುತ್ತದೆ. ಅಲ್ಟ್ರಾಮರೀನ್ ಎಂಬ ಗಾಢ ನೀಲಿಗೆ ಬರ್ನ್ಟ್ ಅಂಬರ್ ಎಂಬ ಗಾಢ ಕಂದನ್ನು ಬೆರೆಸಿ, ತೆಳುವಾಗಿ, ಪದರದ ಮೇಲೆ ಪದರ ಹಚ್ಚುತ್ತಾ ಹೋಗಿರಿ.

ಧ್ಯಾನಕ್ಕೆ ಕುಳಿತ ಋಷಿಯನ್ನು ಒಳಗಿಡುವ ಆಸೆ ಬಹಳ ಜನರಿಗಾಗುತ್ತದೆ, ನನಗೆ ಅದು ಒಪ್ಪಿಗೆಯಿಲ್ಲ. ಕಾಲು ತಾಗಿ ತಾಗಿ ನುಣುಪಾದ ಬಾಗಿಲುಕಲ್ಲನ್ನು ನಿಜವಾಗಿ ಬರೆದರೆ ಬಂದುಹೋದವರೆಲ್ಲರೂ ಅದರಲ್ಲಿರುತ್ತಾರೆ. ಗವಿಯ ಅಂಚನ್ನು ಕಟ್ಟಕಡೆಗೆ ಕೈಗೆತ್ತಿಕೊಳ್ಳಿರಿ: ಬಿಸಿಲು ಬಿದ್ದ ಮಗ್ಗುಲು ಚೂಪಾಗಿರಲಿ, ನೆಲಕ್ಕೆ ಇಳಿಯುವ ಮಗ್ಗುಲನ್ನು ಒದ್ದೆ ಕುಂಚದಿಂದ ಕರಗಿಸಿ, ನೆರಳು ಎಲ್ಲಿ ಶುರುವಾಯಿತೆಂದು ಹೇಳಲಾಗದಂತೆ ಬಿಟ್ಟುಬಿಡಿರಿ.