ಕೊಡು–ಕೊಟ್ಟ, ಕೀಪ್–ಕೆಪ್ಟ್: ನಾನು ಇಂಗ್ಲಿಷ್ ಕ್ರಿಯಾಪದ ಕಲಿತ ಬಗೆ

ನಾನು ಓದಿದ್ದು ಬೇಲೂರು ತಾಲ್ಲೂಕಿನ ಹಳ್ಳಿ ಶಾಲೆಯಲ್ಲಿ, ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಪಿಯುಸಿಗೆ ಹಾಸನಕ್ಕೆ ಬಂದರೆ ಅಕೌಂಟೆನ್ಸಿ, ಎಕನಾಮಿಕ್ಸ್ ಎಲ್ಲವೂ ಇಂಗ್ಲಿಷಿನಲ್ಲಿ. ಪದಗಳು ಹೇಗೋ ಅರ್ಥವಾಗುತ್ತಿದ್ದವು. ಆದರೆ ನಾನೇ ಒಂದು ವಾಕ್ಯ ಹೇಳಲು ಹೊರಟರೆ ಕ್ರಿಯಾಪದ ಬರುವ ಜಾಗದಲ್ಲಿ ಮಾತು ನಿಂತುಬಿಡುತ್ತಿತ್ತು. ಗೋ ಅನ್ನಬೇಕಾ, ಗೋಸ್ ಅನ್ನಬೇಕಾ, ವೆಂಟ್ ಅನ್ನಬೇಕಾ? ಈಗ ಆಫೀಸಿನಲ್ಲಿ ದಿನವಿಡೀ ಇಂಗ್ಲಿಷಿನಲ್ಲೇ ಮೇಲ್ ಬರೆಯುತ್ತೇನೆ. ಇದು ಹೇಗೆ ಸಾಧ್ಯವಾಯಿತು ಅಂತ ನಮ್ಮ ಕಡೆಯ ಹುಡುಗ ಹುಡುಗಿಯರು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಎಲ್ಲರಿಗೂ ಸಿಗುವ ಹಾಗೆ ನನಗೂ ಒಂದು ಪಟ್ಟಿ ಸಿಕ್ಕಿತ್ತು. ವಿ ಒನ್, ವಿ ಟೂ, ವಿ ತ್ರೀ ಅಂತ ಮೂರು ಕಾಲಂ, ಎ ಇಂದ ಶುರುವಾಗುವ ಪದಗಳು ಮೊದಲು. ಅರೈಸ್, ಅರೋಸ್, ಅರಿಸನ್. ಈ ಪದವನ್ನು ಹಾಸನದ ಬಸ್ ಸ್ಟ್ಯಾಂಡಿನಲ್ಲಾಗಲಿ ಆಫೀಸಿನಲ್ಲಾಗಲಿ ಯಾರ ಬಾಯಲ್ಲೂ ನಾನು ಕೇಳಿಲ್ಲ. ಅಕ್ಷರದ ಸಾಲಿನಲ್ಲಿ ಬಾಯಿಪಾಠ ಮಾಡಿದ್ದು ಮಾತಾಡುವಾಗ ನೆನಪಿಗೆ ಬರುವುದೇ ಇಲ್ಲ.

ದಾರಿ ಕಂಡಿದ್ದು ಕನ್ನಡದಲ್ಲೇ. ಮಾಡು–ಮಾಡಿದ, ಆಡು–ಆಡಿದ, ನೋಡು–ನೋಡಿದ ಅನ್ನುತ್ತೇವೆ. ಆದರೆ ಕೊಡು ಅಂದರೆ ಕೊಟ್ಟ, ಬಿಡು–ಬಿಟ್ಟ, ಇಡು–ಇಟ್ಟ, ಸುಡು–ಸುಟ್ಟ. ಮೊದಲಕ್ಷರ ದೀರ್ಘವಾಗಿದ್ದರೆ ಒಂದು ಥರ, ಹ್ರಸ್ವವಾಗಿದ್ದರೆ ಇನ್ನೊಂದು ಥರ. ಇದನ್ನು ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಬರು–ಬಂದ, ತರು–ತಂದ ಒಂದು ಜೋಡಿ. ಬೀಳು–ಬಿದ್ದ, ಏಳು–ಎದ್ದ, ಕೀಳು–ಕಿತ್ತ ಇನ್ನೊಂದು ಗುಂಪು, ಇಲ್ಲಿ ದೀರ್ಘ ಹೋಗಿ ಹ್ರಸ್ವ ಬರುತ್ತದೆ. ನಿಯಮ ತಪ್ಪಿದ ಹಾಗೆ ಕಾಣುವ ಕ್ರಿಯಾಪದಗಳೂ ಸದ್ದಿನ ಪ್ರಕಾರ ಗುಂಪು ಕಟ್ಟಿಕೊಂಡಿವೆ.

ಇಂಗ್ಲಿಷಿನಲ್ಲೂ ಹಾಗೇ ಅಲ್ವಾ? ಕೀಪ್–ಕೆಪ್ಟ್, ಸ್ಲೀಪ್–ಸ್ಲೆಪ್ಟ್, ಸ್ವೀಪ್–ಸ್ವೆಪ್ಟ್, ಫೀಲ್–ಫೆಲ್ಟ್, ಮೀಟ್–ಮೆಟ್. ಥೇಟ್ ನಮ್ಮ ಬೀಳು–ಬಿದ್ದದ ಹಾಗೆ ಉದ್ದದ ಸ್ವರ ಗಿಡ್ಡವಾಗುತ್ತದೆ. ರೀಡ್ ಕೂಡ ಇದೇ ಗುಂಪು. ಬರೆಯುವಾಗ ಮೂರೂ ರೂಪ ಒಂದೇ, ಓದುವಾಗ ರೀಡ್–ರೆಡ್–ರೆಡ್. ಆ ಪಟ್ಟಿಯನ್ನು ಬಿಟ್ಟು ಒಂದು ನೋಟ್‌ಬುಕ್ಕಿನಲ್ಲಿ ಗುಂಪು ಮಾಡುತ್ತಾ ಹೋದೆ. ಸಿಂಗ್–ಸ್ಯಾಂಗ್–ಸಂಗ್ ಜೊತೆ ರಿಂಗ್, ಡ್ರಿಂಕ್, ಬಿಗಿನ್. ಬೈ–ಬಾಟ್ ಜೊತೆ ಥಿಂಕ್–ಥಾಟ್, ಟೀಚ್–ಟಾಟ್, ಕ್ಯಾಚ್–ಕಾಟ್. ಬ್ರಿಂಗ್ ನೋಡಲು ಸಿಂಗ್ ಮನೆಯದು ಅನ್ನಿಸುತ್ತದೆ, ಆದರೆ ಅದು ಬ್ರಾಟ್ ಆಗಿ ಬೈ ಜೊತೆ ಹೋಗುತ್ತದೆ. ಕಟ್, ಪುಟ್, ಹಿಟ್, ಲೆಟ್ ಮೂರು ರೂಪದಲ್ಲೂ ಬದಲಾಗುವುದಿಲ್ಲ, ಒಂದು ಸಂಜೆಯ ಕೆಲಸ. ದಿನಕ್ಕೆ ಒಂದೇ ಗುಂಪು, ಅದೂ ಗಟ್ಟಿಯಾಗಿ ಹೇಳಿಕೊಂಡು. ಬೇಲೂರಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್ ಬಸ್ಸು, ಅದರಲ್ಲೇ ಮುಗಿಯುತ್ತಿತ್ತು.

ಇನ್ನೊಂದು ವಿಷಯ ತಿಳಿದ ಮೇಲೆ ಧೈರ್ಯ ಬಂತು. ಹೋದೆ, ಹೋದೆವು, ಹೋದ, ಹೋದಳು, ಹೋಯಿತು, ಹೋದರು, ಹೋದವು. ಇಷ್ಟಕ್ಕೂ ಇಂಗ್ಲಿಷಿನಲ್ಲಿ ವೆಂಟ್ ಒಂದೇ. ಭೂತಕಾಲದಲ್ಲಿ ಆಳು ನೋಡಿ ರೂಪ ಬದಲಿಸುವುದು ವಾಸ್, ವರ್ ಮಾತ್ರ. ಇಷ್ಟೊಂದು ರೂಪಗಳನ್ನು ಯೋಚಿಸದೇ ಆಡುವ ನಮಗೆ ಇಂಗ್ಲಿಷ್ ಕ್ರಿಯಾಪದ ಭಾರ ಆಗಬಾರದು.

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ‘ಐ ಡಿಡ್ ನಾಟ್ ವೆಂಟ್’ ಅನ್ನುವಲ್ಲಿ. ಇದಕ್ಕೂ ಕನ್ನಡದಲ್ಲೇ ಮದ್ದಿದೆ. ಹೋದೆ ಅನ್ನುವುದರ ನಕಾರ ‘ಹೋದಲಿಲ್ಲ’ ಅಲ್ಲ, ‘ಹೋಗಲಿಲ್ಲ’. ಭೂತಕಾಲದ ‘ಹೋದ’ ಅಲ್ಲಿ ಮಾಯ, ಮೂಲದ ಹೋಗು ವಾಪಸ್ ಬರುತ್ತದೆ. ನಾನು, ಅವಳು, ಅವರು, ಯಾರೇ ಆದರೂ ‘ಹೋಗಲಿಲ್ಲ’ ಒಂದೇ. ‘ಡಿಡ್ ನಾಟ್ ಗೋ’ ಕೂಡ ಹಾಗೆಯೇ. ಬಂದಲಿಲ್ಲ, ತಿಂದಲಿಲ್ಲ ಅಂತ ನಾವು ಯಾವತ್ತೂ ಹೇಳುವುದಿಲ್ಲ. ಹಾಗಾಗಿ ಡಿಡ್ ನಾಟ್ ಕೇಮ್, ಡಿಡ್ ನಾಟ್ ಏಟ್ ಕೂಡ ಕಿವಿಗೆ ಚುಚ್ಚಬೇಕು. ಪ್ರಶ್ನೆಗೆ ಮಾತ್ರ ಕನ್ನಡ ನೆರವಿಗೆ ಬರುವುದಿಲ್ಲ. ‘ಹೋದೆಯಾ?’ ಅನ್ನುವಾಗ ಹೋದ ಹಾಗೇ ಉಳಿಯುತ್ತದೆ. ಅದಕ್ಕೇ ‘ಡಿಡ್ ಯು ವೆಂಟ್’ ಬಾಯಿಗೆ ಬರುವುದು. ನಾನು ಮಾಡಿದ ಉಪಾಯ ಇಷ್ಟೇ: ಮನಸ್ಸಿನಲ್ಲಿ ಮೊದಲು ನಕಾರದ ವಾಕ್ಯ, ‘ಯು ಡಿಡ್ ನಾಟ್ ಗೋ’. ಆಮೇಲೆ ನಾಟ್ ತೆಗೆದು ಡಿಡ್ ಅನ್ನು ಮುಂದಕ್ಕೆ ತರುವುದು.

ಕನ್ನಡ ದಾರಿ ತಪ್ಪಿಸುವ ಜಾಗಗಳನ್ನೂ ಹೇಳಬೇಕು. ‘ನಿನ್ನೆ ಹಾಸನಕ್ಕೆ ಹೋಗಿದ್ದೆ’ ಅನ್ನುತ್ತೇವೆ, ಹೋಗಿ ಬಂದೂ ಆಯಿತು ಅನ್ನುವ ಅರ್ಥದಲ್ಲಿ. ಅದನ್ನೇ ಹಿಡಿದು ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಹಾಸನ’ ಅಂತ ನಮ್ಮ ಕಡೆ ತುಂಬಾ ಜನ ಹೇಳುತ್ತಾರೆ. ಅಲ್ಲಿ ಬರೀ ವೆಂಟ್ ಸಾಕು. ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಒಂದು ಇನ್ನೊಂದಕ್ಕಿಂತ ಮುಂಚೆ ಮುಗಿದಿತ್ತು ಅಂತ ತೋರಿಸಲು ಹ್ಯಾಡ್ ಬೇಕು. ನಾನು ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಇಲ್ಲಿ ‘ದ ಬಸ್ ಹ್ಯಾಡ್ ಗಾನ್’ ಸರಿ.

‘ಇಂದ’ ಬಂದಾಗಲೂ ಎಚ್ಚರ. ‘2021ರಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಅಂದರೆ ಕನ್ನಡದಲ್ಲಿ ವರ್ತಮಾನ ಸಾಕು. ಇಂಗ್ಲಿಷಿಗೆ ‘ಐ ಹ್ಯಾವ್ ಬೀನ್ ವರ್ಕಿಂಗ್’ ಬೇಕು. ‘ಐ ಆಮ್ ವರ್ಕಿಂಗ್ ಸಿನ್ಸ್’ ನಡೆಯುವುದಿಲ್ಲ.

ಮೂರನೇ ರೂಪ, ಅಂದರೆ ವಿ ತ್ರೀ, ನನಗೆ ಹಿಡಿತಕ್ಕೆ ಸಿಕ್ಕಿದ್ದು ಬೇಲೂರಿನ ಚೆನ್ನಕೇಶವ ದೇವಸ್ಥಾನದ ಅಂಗಳದಲ್ಲಿ. ಅಲ್ಲಿನ ಗೈಡುಗಳ ಇಂಗ್ಲಿಷನ್ನು ಕೂತು ಕೇಳಿ. ‘ದಿಸ್ ಟೆಂಪಲ್ ವಾಸ್ ಬಿಲ್ಟ್ ಬೈ ಕಿಂಗ್ ವಿಷ್ಣುವರ್ಧನ.’ ಮನೆಯಲ್ಲಿ ನಾವು ‘ವಿಷ್ಣುವರ್ಧನ ಕಟ್ಟಿಸಿದ’ ಅನ್ನುತ್ತೇವೆ, ‘ಕಟ್ಟಲ್ಪಟ್ಟಿತು’ ಅಂತ ಯಾರೂ ಮಾತಾಡುವುದಿಲ್ಲ. ಹೀಗಾಗಿ ವಾಸ್ ಬಿಲ್ಟ್, ವರ್ ಕಾರ್ವ್ಡ್, ವಾಸ್ ಬ್ರೋಕನ್ ಇವೆಲ್ಲ ಕನ್ನಡದಿಂದ ತಾನಾಗಿ ಬರುವುದಿಲ್ಲ, ಕಿವಿಯಿಂದಲೇ ಬರಬೇಕು. ಹೊರಗಿನ ದೊಡ್ಡ ಕಂಬದ ಹತ್ತಿರ ಬಂದ ಕೂಡಲೇ ಅದೇ ಗೈಡ್ ‘ದ ಪಿಲ್ಲರ್ ಸ್ಟ್ಯಾಂಡ್ಸ್ ಆನ್ ಇಟ್ಸ್ ಓನ್ ವೇಟ್’ ಅನ್ನುತ್ತಾರೆ. ಈಗಲೂ ನಿಂತಿದೆ, ಅದಕ್ಕೆ ಸ್ಟ್ಯಾಂಡ್ಸ್, ಕೊನೆಯ ಎಸ್ ಸಮೇತ. ದೇವಸ್ಥಾನ ಪ್ರತಿಷ್ಠೆಯಾದದ್ದು 1117ರಲ್ಲಿ, ಆ ಕೆಲಸ ಆಗಿಹೋಯಿತು, ಅದಕ್ಕೆ ವಾಸ್. ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದ್ದು 2023ರಲ್ಲಿ, ಇನ್ನೂ ಅದರಲ್ಲಿವೆ. ‘ಹ್ಯಾವ್ ಬೀನ್ ಆನ್ ದ ಲಿಸ್ಟ್ ಸಿನ್ಸ್ 2023’ ಅಂತ ಆಮೇಲೆ ನಾನೇ ಕಟ್ಟಿಕೊಂಡ ವಾಕ್ಯ. ಪುಸ್ತಕದಲ್ಲಿ ಬೇರೆ ಬೇರೆ ಪಾಠವಾಗಿದ್ದ ಮೂರು ಕಾಲಗಳನ್ನು ಒಂದೇ ಅಂಗಳಕ್ಕೆ ತಂದಿಟ್ಟ ಮೇಲೆ ಮರೆಯಲಿಲ್ಲ.

ಭೂತಕಾಲಕ್ಕೆ ಕೊನೆಯಲ್ಲಿ ‘ಇಡಿ’ (ed) ಸೇರಿಸುವ ಕ್ರಿಯಾಪದಗಳ ಸದ್ದಿನ ಬಗ್ಗೆ ಒಂದು ಮಾತು. ಕುಕ್, ಸ್ಟಾಪ್, ವಾಷ್ ಕೊನೆಯಲ್ಲಿ ಟ್ ಕೇಳಿಸಬೇಕು: ಕುಕ್ಟ್, ಸ್ಟಾಪ್ಟ್, ವಾಷ್ಟ್. ಕಾಲ್, ಪ್ಲೇ ಕೊನೆಯಲ್ಲಿ ಡ್: ಕಾಲ್ಡ್, ಪ್ಲೇಡ್. ಪದವೇ ಟ್ ಅಥವಾ ಡ್‌ನಲ್ಲಿ ಮುಗಿದರೆ ಮಾತ್ರ ಇನ್ನೊಂದು ಉಚ್ಚಾರ ಸೇರುತ್ತದೆ: ವಾಂಟೆಡ್, ನೀಡೆಡ್. ಕುಕ್ಕೆಡ್, ವಾಷೆಡ್ ಅಂತ ಸುಮ್ನೆ ಎಳೆಯಬೇಡಿ.

ಈಗ ಅಕ್ಕನ ಮಗಳು ಎಂಟನೇ ಕ್ಲಾಸು. ಅವಳಿಗೆ ನಾನು ಪಟ್ಟಿ ಕೊಟ್ಟಿಲ್ಲ, ಖಾಲಿ ನೋಟ್‌ಬುಕ್ ಕೊಟ್ಟಿದ್ದೇನೆ. ಮೇಕ್ ಮೇಡ್ ಆದರೆ ಟೇಕ್ ಯಾಕೆ ಟುಕ್ ಅಂತ ಮೊನ್ನೆ ಕೇಳಿದಳು. ಟೇಕ್–ಟುಕ್–ಟೇಕನ್ ಪಕ್ಕದಲ್ಲಿ ಶೇಕ್ ಬರೆದುಕೊಂಡಳು, ಮಿಸ್ಟೇಕ್ ಕೂಡ ಸೇರಿಸಿದಳು. ಮೇಕ್‌ಗೆ ಜೊತೆ ಹುಡುಕಿ ಸಿಗದೆ, ಸದ್ಯಕ್ಕೆ ಹ್ಯಾವ್–ಹ್ಯಾಡ್ ಪುಟದಲ್ಲಿ ಇಟ್ಟಿದ್ದೇವೆ.