ಒಂದೇ ದಿನದಲ್ಲಿ ಎರಡು ಸವಾರಿ: ದೇಶ ದಾಟುವ ಸೈಕಲ್ ಪ್ರವಾಸದಲ್ಲಿ ನನಗೆ ಕೂಡಿಬಂದ ಲೆಕ್ಕ

ಬೆಳಗ್ಗೆ ಏಳಕ್ಕೆ ಹೊರಡು, ಸಂಜೆ ಐದರವರೆಗೆ ತುಳಿ, ನಡುವೆ ಊಟಕ್ಕೊಂದು ಗಂಟೆ. ದೂರದ ಪ್ರವಾಸದಲ್ಲಿ ಹೆಚ್ಚಿನವರ ದಿನ ಹೀಗೇ ಸಾಗುತ್ತದೆ, ನನ್ನದೂ ವರ್ಷಗಟ್ಟಲೆ ಹೀಗೇ ಸಾಗಿತ್ತು. ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವ ಈ ಸಲದ ಪ್ರವಾಸದಲ್ಲಿ ಅದನ್ನು ಬಿಟ್ಟೆ. ನಸುಕಿನ ನಾಲ್ಕಕ್ಕೆ ಹೊರಟು ಹತ್ತೂವರೆಯೊಳಗೆ ದಿನದ ಮುಕ್ಕಾಲು ದೂರ ಮುಗಿಸುವುದು. ಆಮೇಲೆ ಐದಾರು ಗಂಟೆ ಸೈಕಲ್ ಮುಟ್ಟುವಂತಿಲ್ಲ. ಬಿಸಿಲು ಇಳಿದ ಮೇಲೆ ಇನ್ನೆರಡು ಗಂಟೆ. ಹಳೆಯ ಕ್ರಮದಲ್ಲಿ ಹೆಣಗಾಡಿ 95, ಹೆಚ್ಚೆಂದರೆ 100 ಕಿ.ಮೀ. ಆಗುತ್ತಿದ್ದ ಜಾಗದಲ್ಲಿ ಈಗ ಸರಾಸರಿ 130ರ ಹತ್ತಿರ ಆಗುತ್ತಿದೆ. ಸೈಕಲ್ ಅದೇ, ಕಾಲು ಅವೇ, ಸಾಮಾನಿನ ಭಾರವೂ ಹೆಚ್ಚುಕಡಿಮೆ ಅಷ್ಟೇ, 16 ಕೆ.ಜಿ. ಇರಬಹುದು.

"ಮಧ್ಯಾಹ್ನ ಐದು ಗಂಟೆ ಮಲಗಿದ್ರೆ ದೇಶ ದಾಟೋದು ಯಾವಾಗ ಮಾರಾಯ?" ಎಂದು ಜೊತೆಗಾರ ಮೊದಲ ದಿನವೇ ಕೇಳಿದ್ದ. ಇನ್ನು ಕೆಲವರು ವೆಲೊಸಿಯೊನ ಮಾತನ್ನು ಮುಂದಿಟ್ಟರು. ವೆಲೊಸಿಯೊ ಎಂದರೆ 1930ರಲ್ಲಿ ತೀರಿಕೊಂಡ ಪಾಲ್ ದ ವಿವಿ, ಫ್ರಾನ್ಸಿನಲ್ಲಿ ಸೈಕಲ್ ಪ್ರವಾಸಕ್ಕೆ ದಾರಿ ಹಾಕಿದ ಹಿರಿಯ. ನಿಲ್ಲುವುದು ಅಪರೂಪವಾಗಿರಲಿ, ನಿಂತರೂ ಸ್ವಲ್ಪವೇ ಹೊತ್ತು ಎನ್ನುವುದು ಅವನ ಸೂತ್ರಗಳಲ್ಲಿ ಮೊದಲನೆಯದು. ನಾನು ಅದನ್ನು ಮೀರಿಲ್ಲ. ನಸುಕಿನ ಪಾಳಿಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಎಲ್ಲೂ ನಿಲ್ಲುವುದಿಲ್ಲ, ಸಂಜೆಯ ಪಾಳಿಯಲ್ಲಿ ನಿಲ್ಲುವುದೇ ಇಲ್ಲ. ಮಧ್ಯಾಹ್ನದ ಬಿಡುವು ಎರಡು ಸವಾರಿಗಳ ನಡುವಿನ ರಾತ್ರಿ, ಅಷ್ಟೇ. ಹಸಿವಾಗುವ ಮುಂಚೆ ತಿನ್ನು, ಬಾಯಾರುವ ಮುಂಚೆ ಕುಡಿ ಎಂಬ ಅವನ ಮಾತನ್ನಂತೂ ಅಕ್ಷರಶಃ ಪಾಲಿಸುತ್ತೇನೆ.

ಈ ಕ್ರಮದಲ್ಲಿ ನನ್ನನ್ನು ಗೆಲ್ಲಿಸಿದ್ದು ಗಾಳಿ. ಬಿಸಿಲಿನ ವಿಷಯ ಎಲ್ಲರಿಗೂ ಹೊಳೆಯುತ್ತದೆ, ಗಾಳಿಯ ಲೆಕ್ಕ ಹಾಕುವವರು ಕಡಿಮೆ. ರಾತ್ರಿ ನೆಲ ತಣ್ಣಗಾಗಿ ಕೆಳಗಿನ ಗಾಳಿ ನಿಂತಿರುತ್ತದೆ. ಬಿಸಿಲೇರಿದಂತೆ ಮೇಲಿನ ಗಾಳಿ ಕೆಳಗಿಳಿದು ಬೆರೆಯುತ್ತದೆ, ಮಧ್ಯಾಹ್ನಕ್ಕೆ ಅಬ್ಬರ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವವನಿಗೆ 15 ಕಿ.ಮೀ. ಎದುರುಗಾಳಿ ಸಿಕ್ಕರೆ ಮೈಗೆ ಬಡಿಯುವುದು 35ರ ಗಾಳಿ. ಗಾಳಿ ತಡೆಯುವ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುವುದರಿಂದ ಅದು ಮೂರು ಪಟ್ಟಾಗುತ್ತದೆ. ಬಯಲಿನ ಒಂದೇ ತರಹದ ರಸ್ತೆಯಲ್ಲಿ ನಸುಕಿಗೆ ನನಗೆ ಸಲೀಸಾಗಿ 18 ಬರುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಹಲ್ಲು ಕಚ್ಚಿ ತುಳಿದರೂ 12 ದಾಟುತ್ತಿರಲಿಲ್ಲ. ಮಧ್ಯಾಹ್ನದ ಆ ಒದ್ದಾಟ ಮರುದಿನದ ಕಾಲನ್ನೂ ತಿಂದುಹಾಕುತ್ತದೆ.

ಶುರುವಿನಲ್ಲಿ ಕ್ರಮ ಕೂಡಿಬರಲಿಲ್ಲ. ನಾಲ್ಕಕ್ಕೆ ಹೊರಡುವುದೇನೋ ಸರಿ, ರಾತ್ರಿ ಹತ್ತರವರೆಗೆ ಎಚ್ಚರವಿರುವ ಅಭ್ಯಾಸ ಇಬ್ಬರಿಗೂ ಇತ್ತು. ಮೊದಲ ವಾರದ ಕೊನೆಗೆ ಐದು ಗಂಟೆಯ ಹೊತ್ತಿಗೆ ಹ್ಯಾಂಡಲ್ ಮೇಲೆಯೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಜೊತೆಗಾರ ರಸ್ತೆಯಂಚಿನ ಜಲ್ಲಿಗೆ ಇಳಿದು ಬಿದ್ದ, ಮೊಣಕೈ ತರಚಿತು. ನಸುಕಿನ ಮೂರರಿಂದ ಐದು ದೇಹ ಅತಿ ಮಂಕಾಗಿರುವ ಹೊತ್ತು, ಅಲ್ಲಿ ಹಟ ನಡೆಯುವುದಿಲ್ಲ. ರಾತ್ರಿ ಎಂಟೂವರೆಗೆ ಮಲಗುವುದು, ಮಧ್ಯಾಹ್ನ ಊಟವಾಗಿ ಒಂದೂವರೆ ಗಂಟೆ ಗಾಢ ನಿದ್ದೆ, ಹನ್ನೆರಡರ ನಂತರ ಕಾಫಿ ಟೀ ಬಂದ್. ಕೆಫೀನ್ ಅರ್ಧ ಇಳಿಯುವುದಕ್ಕೇ ಸುಮಾರು ಐದು ಗಂಟೆ ಬೇಕು, ಸಂಜೆ ಕುಡಿದ ಕಾಫಿ ಎಂಟೂವರೆಯ ನಿದ್ದೆಯನ್ನು ಕೆಡಿಸುತ್ತದೆ. ಇಷ್ಟು ಮಾಡಿದ ಮೇಲೆ ನಾಲ್ಕೈದು ದಿನದಲ್ಲಿ ದೇಹ ಒಗ್ಗಿಕೊಂಡಿತು.

ದುಡ್ಡಿನ ವಿಷಯ. ದರ ಊರೂರಿಗೆ ಬದಲಾಗುವುದರಿಂದ ನಾನು ಎಲ್ಲವನ್ನೂ ಒಂದು ರಾತ್ರಿಯ ರೂಮ್ ಬಾಡಿಗೆಯಲ್ಲಿ ಅಳೆಯುತ್ತೇನೆ. ಇದು ಒಳ್ಳೆಯ ಅಳತೆ, ಬಳಸಿ ನೋಡಿ. ಮಧ್ಯಾಹ್ನಕ್ಕೊಂದು ರೂಮ್, ರಾತ್ರಿಗೊಂದು ರೂಮ್ ಎಂದು ಶುರು ಮಾಡಿದ್ದೆವು. ಹತ್ತು ದಿನದಲ್ಲಿ ಹದಿನೈದು ಹದಿನಾರು ಬಾಡಿಗೆ ಹೋಯಿತು, ಬಜೆಟ್ ಅಲ್ಲಾಡಿತು. ಆಮೇಲೆ ಹೀಗೆ ಮಾಡಿಕೊಂಡೆವು. ಎರಡು ದಿನ ಟೆಂಟ್, ಮಧ್ಯಾಹ್ನ ಮರದ ನೆರಳು. ಮೂರನೆಯ ದಿನ ಹನ್ನೊಂದಕ್ಕೆ ರೂಮ್ ಹಿಡಿದು ಸಂಜೆಯ ಪಾಳಿಗೆ ರಜೆ. ಮರುದಿನ ನಸುಕಿನವರೆಗೆ ಹದಿನೇಳು ಗಂಟೆ ಒಂದೇ ಬಾಡಿಗೆ. ಬಟ್ಟೆ ಒಗೆದು ಒಣಗುತ್ತದೆ, ಎಲ್ಲವೂ ಚಾರ್ಜ್ ಆಗುತ್ತದೆ, ಕಾಲಿಗೂ ಬಿಡುವು. ಟೆಂಟಿನಲ್ಲಿ ಬೆಳಗಾಗುವ ಮುಂಚೆಯೇ ಹೊರಟುಬಿಡುವುದರಿಂದ ಬಿಸಿಲಿಗೆ ಬೇಯುವ ತಾಪತ್ರಯವೂ ಇಲ್ಲ. ಒಟ್ಟು ತಂಗುವ ಖರ್ಚು ಹಳೆಯ ಕ್ರಮಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಕೆಳಗಿಳಿಯಿತು. ಹನ್ನೊಂದಕ್ಕೇ ರೂಮ್ ಕೇಳಿದರೆ ಅರ್ಧ ದಿನದ ಬಾಡಿಗೆ ಹೆಚ್ಚು ಕೇಳುತ್ತಾರೆ. ಅದನ್ನು ಕೊಡದೆ ಒಳಗೆ ಹೋಗಲು ನನ್ನದೊಂದು ದಾರಿ ಇದೆ. ಎಲ್ಲರೂ ಅದನ್ನೇ ಹಿಡಿದರೆ ನಡೆಯುವುದಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿಲ್ಲ.

ಇನ್ನೊಂದು ಖರ್ಚು ಬೆಳಕು. ಬ್ಯಾಟರಿ ಲೈಟುಗಳಿಗೆ ಹಿಂದೆ ಒಂದು ವಾರದ ಬಾಡಿಗೆಯಷ್ಟು ಸುರಿದಿದ್ದೆ. ಒಂದು ಮಳೆಗೆ ಸತ್ತಿತು, ಇನ್ನೊಂದು ಬೆಳಗಾಗುವ ಮುಂಚೆಯೇ ಮಂಕಾಗುತ್ತಿತ್ತು. ಈ ಸಲ ಮುಂದಿನ ಚಕ್ರಕ್ಕೆ ಡೈನಮೋ ಹಬ್ ಹಾಕಿಸಿದೆ, ಚಕ್ರ ತಿರುಗಿದಂತೆ ನಡುವಿನ ಗುಂಬದಲ್ಲೇ ಕರೆಂಟ್ ಹುಟ್ಟುತ್ತದೆ. ಎರಡು ವಾರದ ಬಾಡಿಗೆಯೇ ಹೋಯಿತು, ಎಲ್ಲರೂ ದುಂದು ಎಂದರು. 6 ವೋಲ್ಟ್, 3 ವ್ಯಾಟ್, ಗಂಟೆಗೆ 15 ಕಿ.ಮೀ. ವೇಗವಿದ್ದರೆ ಸಾಕು. ಎರಡೂವರೆ ಗಂಟೆ ಕತ್ತಲಲ್ಲಿ ತುಳಿಯುವವನಿಗೆ ಇದಕ್ಕಿಂತ ಒಳ್ಳೆಯ ಸಾಮಾನಿಲ್ಲ. ಫೋನ್ ಚಾರ್ಜಿಂಗ್ ಮಾತ್ರ ಹಗಲಲ್ಲೇ ಮಾಡಿ. ಲೈಟ್ ಉರಿಯುವಾಗ ಅದಕ್ಕೆ ಉಳಿಯುವುದು ಅತ್ಯಲ್ಪ, ಏರುದಾರಿಯಲ್ಲಿ ವೇಗ ಹತ್ತಕ್ಕಿಳಿದರೆ ನಿಂತೇಹೋಗುತ್ತದೆ. ಹಿಂದಿನಿಂದ ಬರುವವರಿಗೆ ಕಾಣಿಸಲು ಬೆನ್ನಿನ ಜಾಕೆಟ್ಟಿಗಿಂತ ಕಣಕಾಲಿನ ರಿಫ್ಲೆಕ್ಟರ್ ಪಟ್ಟಿ ಮೇಲು. ಮೇಲೆ ಕೆಳಗೆ ಆಡುವ ಎರಡು ಚುಕ್ಕಿ ಕಂಡ ಕೂಡಲೇ ಇದು ಸೈಕಲ್ ಎಂದು ಡ್ರೈವರ್‌ಗೆ ಹೊಳೆಯುತ್ತದೆ. ಬೆಲೆ ಬಾಡಿಗೆಯ ಲೆಕ್ಕಕ್ಕೂ ಬರದಷ್ಟು ಕಡಿಮೆ.

ನಾಲ್ಕು ಗಂಟೆಗೆ ಹೊಟ್ಟೆ ಗಟ್ಟಿ ತಿಂಡಿಯನ್ನು ಒಪ್ಪುವುದಿಲ್ಲ. ಒಂದು ಬಾಳೆಹಣ್ಣು, ಆಮೇಲೆ ಬಾಟಲಿಯಿಂದಲೇ. ಗ್ಲೂಕೋಸ್ ಒಂದನ್ನೇ ಕುಡಿದರೆ ದೇಹ ಗಂಟೆಗೆ 60 ಗ್ರಾಮ್‌ವರೆಗೆ ಬಳಸುತ್ತದೆ, ಫ್ರಕ್ಟೋಸ್ ಜೊತೆಯಾದರೆ 90ರವರೆಗೆ ಹೋಗಬಹುದು. ದುಬಾರಿ ಪೊಟ್ಟಣಗಳ ಮೇಲೆ ಇದನ್ನೇ ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಅಡುಗೆಮನೆಯ ಸಕ್ಕರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಸಕ್ಕರೆ, ಉಪ್ಪು, ಹುಳಿಗೆ ಸ್ವಲ್ಪ ನಿಂಬೆ, ಮುಗಿಯಿತು. ಪೊಟ್ಟಣಗಳಿಗೆ ಹೋಗುತ್ತಿದ್ದ ದುಡ್ಡಿನಲ್ಲಿ ತಿಂಗಳಿಗೆ ನಾಲ್ಕೈದು ಬಾಡಿಗೆ ಉಳಿಯಿತು. ಮೊದಮೊದಲು ಗಂಟೆಗೆ 90 ಗ್ರಾಮ್ ಕುಡಿದಾಗ ಹೊಟ್ಟೆ ಕೆಟ್ಟಿತು. 40ರಿಂದ ಶುರು ಮಾಡಿ ಎರಡು ವಾರದಲ್ಲಿ ಮೆಲ್ಲಗೆ ಏರಿಸಬೇಕು. ಉಪ್ಪಿನ ಅಳತೆ ಬೆವರಿಗೆ ತಕ್ಕಂತೆ ಒಬ್ಬೊಬ್ಬರಿಗೆ ಒಂದೊಂದು, ನನ್ನದನ್ನು ಹೇಳಿ ಪ್ರಯೋಜನವಿಲ್ಲ.

ಬಾಟಲಿಗೆ ಒದ್ದೆ ಕಾಲುಚೀಲ ಹಾಕುವ ಪ್ರಯೋಗವನ್ನೂ ಮಾಡಿದೆವು. ಒಣ ಹವೆಯ ಒಳನಾಡಿನಲ್ಲಿ ಒಂಬತ್ತು ಗಂಟೆಗೂ ನೀರು ಮಡಕೆಯ ನೀರಿನಷ್ಟು ತಣ್ಣಗಿತ್ತು. ಕರಾವಳಿ ಹತ್ತಿರವಾದ ಹಾಗೆ ಚೀಲ ಒದ್ದೆಯಾಗಿಯೇ ಉಳಿಯಿತು, ನೀರು ಬಿಸಿಯಾಯಿತು.

ಮಧ್ಯಾಹ್ನದ ಬಿಡುವಿನ ನಿಜವಾದ ಲಾಭ ರಿಪೇರಿಯಲ್ಲಿ ಕಂಡಿತು. ಕತ್ತಲಲ್ಲಿ ಪಂಚರ್ ಆದರೆ ಪ್ಯಾಚ್ ಹಾಕುವ ಗೋಜಿಗೆ ಹೋಗುವುದಿಲ್ಲ, ಟ್ಯೂಬನ್ನೇ ಬದಲಿಸುತ್ತೇನೆ. ಆದರೆ ಟೈರಿನಲ್ಲಿ ಸಿಕ್ಕಿಕೊಂಡದ್ದು ಹೊರಬರದಿದ್ದರೆ ಹೊಸ ಟ್ಯೂಬೂ ಹೋಗುತ್ತದೆ. ಹೆದ್ದಾರಿಯಂಚಿನಲ್ಲಿ ನಮ್ಮ ಶತ್ರು ಒಡೆದ ಲಾರಿ ಟೈರಿನ ಕೂದಲೆಳೆಯಂಥ ತಂತಿ. ಟಾರ್ಚಿಗೆ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ. ಟೈರಿನ ಒಳಗೆ ಹತ್ತಿಯ ಉಂಡೆ ಸವರಿದರೆ ಎಳೆ ಅದಕ್ಕೆ ಸಿಕ್ಕಿಬೀಳುತ್ತದೆ. ಕಿತ್ತ ಟ್ಯೂಬಿನ ಪ್ಯಾಚ್ ಮಧ್ಯಾಹ್ನ ನೆರಳಿನಲ್ಲಿ, ಅವಸರವಿಲ್ಲದೆ. 28 ಎಂ.ಎಂ. ಅಗಲದ ಟೈರಿನಿಂದ 38ಕ್ಕೆ ಹೋದ ಮೇಲೆ ಪಂಚರ್ ಅರ್ಧವಾಯಿತು, ಅಂಗೈ ಜೋಮು ಹಿಡಿಯುವುದೂ ನಿಂತಿತು. ವೇಗ ಕಡಿಮೆಯಾಗುತ್ತದೆ ಎಂದು ಹೆದರಿಸಿದವರಿದ್ದರು, ಭಾರ ಹೊತ್ತ ಸೈಕಲ್ಲಿನಲ್ಲಿ ಅಂಥದ್ದೇನೂ ಗೊತ್ತಾಗಲಿಲ್ಲ.

ಚೈನಿಗೆ ಎಣ್ಣೆಯ ಬದಲು ಮೇಣ ಕರಗಿಸಿ ಹಾಕಿದೆ. ಒಣ ರಸ್ತೆಯಲ್ಲಿ ಅದ್ಭುತ, ಧೂಳು ಅಂಟುವುದಿಲ್ಲ, ಕೈ ಕರಿಯಾಗುವುದಿಲ್ಲ. ಒಂದು ಇಡೀ ದಿನ ಮಳೆ ಸುರಿದರೆ ಮರುದಿನ ಕಿರಗುಟ್ಟುತ್ತದೆ, ಆಗ ದಾರಿಯಲ್ಲಿ ಮತ್ತೆ ಕರಗಿಸುವುದು ದೊಡ್ಡ ಕಷ್ಟ. ಮಳೆಯ ಭಾಗಕ್ಕೆ ಎಣ್ಣೆಗೆ ಮರಳಿದೆ. ಸವೆತ ನೋಡಲು ಸಾಧಾರಣ 12 ಇಂಚಿನ ಸ್ಕೇಲು ಸಾಕು. 24 ಕೊಂಡಿ ಸರಿಯಾಗಿ 12 ಇಂಚು ಇರಬೇಕು. ಇಂಚಿನ ಹದಿನಾರನೇ ಒಂದು ಭಾಗ ಮೀರಿದರೆ ಚೈನ್ ಬದಲಿಸಿ. ನೆನಪಿನ ಪ್ರಕಾರ ನನ್ನ ಚೈನ್ 3,500 ಕಿ.ಮೀ. ಆಸುಪಾಸಿನಲ್ಲಿ ಅಲ್ಲಿಗೆ ಬಂತು. ಸವೆದ ಚೈನ್ ಕ್ಯಾಸೆಟ್ಟನ್ನೂ, ಅಂದರೆ ಹಿಂಚಕ್ರದ ಗೇರು ಹಲ್ಲುಗಳ ಗುಂಪನ್ನೂ, ತಿನ್ನುತ್ತದೆ. ಒಂದು ಕ್ಯಾಸೆಟ್ ಬೆಲೆಗೆ ಎರಡು ಮೂರು ಚೈನ್ ಬರುತ್ತವೆ, ಇಲ್ಲಿ ಜಿಪುಣತನ ಬೇಡ.

ಸಂಜೆಯ ಪಾಳಿ ಚಿಕ್ಕದು, 30 ಕಿ.ಮೀ. ಸುತ್ತಮುತ್ತ. ಅಲ್ಲಿ ವೇಗದ ಮಾತಿಲ್ಲ, ಮೊಣಕಾಲು ಬಿಸಿಯಾಗುವವರೆಗೆ ಹಗುರ ಗೇರು. ಅದನ್ನು ಪೂರ್ತಿ ಬಿಟ್ಟುಬಿಟ್ಟರೆ ಏನಾದೀತೆಂದು ಕೆಲವು ದಿನ ನೋಡಿದೆ. ನಸುಕಿನ ಪಾಳಿಗೆ ಹೊರೆ ಹೆಚ್ಚಿತು, ರಾತ್ರಿ ನಿದ್ದೆಯೂ ತಡವಾಯಿತು. ಹಾಗಾಗಿ ರೂಮಿನ ದಿನ ಬಿಟ್ಟು ಉಳಿದ ದಿನಗಳಲ್ಲಿ ಅದು ಇರಲೇಬೇಕು.

ಈ ಕ್ರಮ ಮುರಿಯುವುದು ಒಂದೇ ಕಾರಣಕ್ಕೆ, ಬೆನ್ನುಗಾಳಿ. ಮಧ್ಯಾಹ್ನದ ಗಾಳಿ ಹಿಂದಿನಿಂದ ಬೀಸುತ್ತಿದ್ದರೆ ಮಲಗುವುದು ನಷ್ಟ. ಮೋಡ ಕವಿದ ಅಂಥ ಒಂದು ದಿನ ಮಧ್ಯಾಹ್ನ ಮಲಗದೆ ತುಳಿದು 190 ದಾಟಿದೆವು. ಅವತ್ತು ಹನ್ನೊಂದು ಗಂಟೆಗೆ ನೆರಳು ಹುಡುಕಿ ಸೈಕಲ್ ಒರಗಿಸಿದ್ದು ಜೊತೆಗಾರನೇ. "ನಿದ್ದೆ ತಪ್ಪಿಸಿದ್ರೆ ನಾಳೆ ನಾಲ್ಕಕ್ಕೆ ನಾನು ಏಳಲ್ಲ" ಎಂದ. ಆದರೂ ಮುಂದೆ ತುಳಿದೆವು. ಮರುದಿನ ಇಬ್ಬರೂ ಆರಕ್ಕೆ ಹೊರಟೆವು, 80ಕ್ಕೆ ನಿಲ್ಲಿಸಿದೆವು.